ಕೈಗೆ ಆಸರೆಯಾಗುವ ಸ್ಪ್ಲಿಂಟ್

ಮಕ್ಕಳೇ, ಮುಂದೆ ಓದುವ ಮೊದಲು ಒಂದು ಸಣ್ಣ ಪ್ರಯೋಗ ಮಾಡೋಣ. ನಿಮ್ಮ ಅಡಿಪಟ್ಟಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳಿ. ಅದನ್ನು ಎಳೆಯಲು ಪಕ್ಕದ ಗೆಳೆಯನಿಗೆ ಹೇಳಿ. ಅದು ಸುಲಭವಾಗಿ ಬರುವುದಿಲ್ಲ. ಈಗ ಮಣಿಕಟ್ಟನ್ನು ಅಂಗೈ ಕಡೆಗೆ ಸಾಧ್ಯವಾದಷ್ಟು ಬಾಗಿಸಿ, ಅದೇ ಅಡಿಪಟ್ಟಿಯನ್ನು ಮತ್ತೆ ಹಿಡಿಯಿರಿ. ಈ ಸಲ ಗೆಳೆಯ ಅದನ್ನು ಸಲೀಸಾಗಿ ಕಿತ್ತುಕೊಳ್ಳುತ್ತಾನೆ. ಕೈ ಅದೇ, ಬೆರಳುಗಳೂ ಅವೇ. ಹಾಗಾದರೆ ಹಿಡಿತ ಎಲ್ಲಿ ಹೋಯಿತು?

ಬೆರಳುಗಳನ್ನು ಬಲವಾಗಿ ಮಡಿಸುವ ಸ್ನಾಯುಗಳು ಬೆರಳುಗಳಲ್ಲಿಲ್ಲ; ಮೊಣಕೈ ಮತ್ತು ಮಣಿಕಟ್ಟಿನ ನಡುವಿನ ಮುಂದೋಳಿನಲ್ಲಿವೆ. ಎಡಗೈಯಿಂದ ಬಲ ಮುಂದೋಳನ್ನು ಹಿಡಿದು ಬಲಗೈ ಬೆರಳುಗಳನ್ನು ಆಡಿಸಿ ನೋಡಿ, ಒಳಗೆ ಸ್ನಾಯುಗಳು ಮಿಸುಕಾಡುವುದು ತಿಳಿಯುತ್ತದೆ. ಅಲ್ಲಿಂದ ಹೊರಡುವ ಸ್ನಾಯುರಜ್ಜುಗಳು ಮಣಿಕಟ್ಟನ್ನು ದಾಟಿ ಬೆರಳುಗಳನ್ನು ಸೇರುತ್ತವೆ. ಬಾವಿಯ ಗಡಗಡಿಯ ಮೇಲಿನ ಹಗ್ಗದಂತೆ ಇವು ಎಳೆದಾಗ ಬೆರಳು ಮಡಿಚುತ್ತದೆ. ಮಣಿಕಟ್ಟು ಒಳಕ್ಕೆ ಬಾಗಿದರೆ ಈ ಹಗ್ಗ ಸಡಿಲವಾಗುತ್ತದೆ. ಸ್ನಾಯು ಎಷ್ಟು ಕುಗ್ಗಿದರೂ ಎಳೆತ ಸಾಲುವುದಿಲ್ಲ. ಆದ್ದರಿಂದಲೇ ನಾವು ಏನನ್ನಾದರೂ ಬಲವಾಗಿ ಹಿಡಿಯುವಾಗ ಮಣಿಕಟ್ಟು ತಾನಾಗಿಯೇ ಸ್ವಲ್ಪ ಹಿಂದಕ್ಕೆ, ಅಂದರೆ ಮುಂಗೈ ಬೆನ್ನಿನ ಕಡೆಗೆ ಬಾಗುತ್ತದೆ.

ನಮ್ಮ ಶಾಲೆಗಳಿಗೆ ಬರುವ ಕೆಲವು ಮಕ್ಕಳ ಕೈ ಸದಾ ಹೀಗೆ ಒಳಕ್ಕೆ ಬಾಗಿಯೇ ಇರುತ್ತದೆ. ಮೊಣಕೈ ಮಡಿಚಿರುತ್ತದೆ, ಹೆಬ್ಬೆರಳು ಅಂಗೈಯೊಳಗೆ ಸಿಕ್ಕಿಕೊಂಡಿರುತ್ತದೆ. ಇದಕ್ಕೆ ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ಪಾರ್ಶ್ವವಾಯು. ಗರ್ಭದಲ್ಲಿರುವಾಗ, ಹೆರಿಗೆಯ ಹೊತ್ತಿನಲ್ಲಿ ಅಥವಾ ಹುಟ್ಟಿದ ಸ್ವಲ್ಪ ಕಾಲದಲ್ಲಿ ಬೆಳೆಯುತ್ತಿರುವ ಮೆದುಳಿಗೆ ಆಗುವ ಹಾನಿಯೇ ಇದರ ಮೂಲ. ದಿನ ತುಂಬುವ ಮೊದಲೇ ಹುಟ್ಟುವುದು, ಹುಟ್ಟುವಾಗ ಉಸಿರು ಕಟ್ಟುವುದು, ಶಿಶುವಿಗೆ ತೀವ್ರವಾದ ಕಾಮಾಲೆ, ಮೆದುಳು ಜ್ವರ ಇವೆಲ್ಲ ಕಾರಣಗಳಾಗಬಹುದು. ಸಾವಿರ ಮಕ್ಕಳಲ್ಲಿ ಸುಮಾರು 2ರಿಂದ 3 ಮಕ್ಕಳಿಗೆ ಇದು ಇರುತ್ತದೆ. ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟ್ಲ್ 1861ರಲ್ಲೇ ಇದಕ್ಕೂ ಕಷ್ಟದ ಹೆರಿಗೆಗೂ ಇರುವ ಸಂಬಂಧವನ್ನು ವಿವರಿಸಿದ್ದರು. ಇದು ಅಂಟುರೋಗವಲ್ಲ, ಯಾರ ಶಾಪವೂ ಅಲ್ಲ. ಕೈ ಬಿಗಿಯಾಗಿರುವ ಮಗುವಿನ ಬುದ್ಧಿಯೂ ಮಂದ ಎಂದು ತಿಳಿಯುವುದು ದೊಡ್ಡ ತಪ್ಪು.

ಮೆದುಳಿಗೆ ಆದ ಹಾನಿ ಮುಂದೆ ಹೆಚ್ಚುವುದಿಲ್ಲ. ಆದರೂ ಮೂರನೆಯ ವಯಸ್ಸಿನಲ್ಲಿ ನೇರ ಮಾಡಲು ಬರುತ್ತಿದ್ದ ಕೈ ಹತ್ತನೆಯ ವಯಸ್ಸಿಗೆ ಬಾರದಂತೆ ಆಗಬಹುದು. ಏಕೆ? ಮಗು ಬೆಳೆದಂತೆ ಮೂಳೆ ಉದ್ದವಾಗುತ್ತದೆ. ಆಡುವಾಗ, ಕೈ ಚಾಚುವಾಗ ಸಿಗುವ ಎಳೆತದಿಂದ ಸ್ನಾಯುವೂ ಅದರ ಜೊತೆಗೆ ಉದ್ದವಾಗಬೇಕು. ಸದಾ ಕುಗ್ಗಿಯೇ ಇರುವ ಸ್ನಾಯುವಿಗೆ ಆ ಎಳೆತವೇ ಸಿಗುವುದಿಲ್ಲ. ಮೂಳೆ ಮುಂದೆ ಹೋಗುತ್ತದೆ, ಸ್ನಾಯು ಹಿಂದೆ ಉಳಿಯುತ್ತದೆ. ಕೊನೆಗೆ ಕೀಲು ಹಿಡಿದುಕೊಂಡು ಅಂಗೈ ತೊಳೆಯುವುದೂ, ಅಂಗಿಯ ತೋಳು ಏರಿಸುವುದೂ ಕಷ್ಟವಾಗುತ್ತದೆ. ಬೆಳೆಯುವ ವರ್ಷಗಳು ಯಾರಿಗೂ ಕಾಯುವುದಿಲ್ಲ. ಅದಕ್ಕಾಗಿಯೇ ವೈದ್ಯರು ಸ್ಪ್ಲಿಂಟ್ ಕೊಡುತ್ತಾರೆ.

ತಿಕೋಟಾ ಮತ್ತು ಬಬಲೇಶ್ವರ ಭಾಗದ ಮಕ್ಕಳು ದ್ರಾಕ್ಷಿ ತೋಟ ನೋಡಿಯೇ ಇರುತ್ತೀರಿ. ಎಳೆಯ ಬಳ್ಳಿಯನ್ನು ಕೋಲಿಗೆ ಕಟ್ಟುವಾಗ ರೈತರು ದಾರವನ್ನು ಬಿಗಿಯುವುದಿಲ್ಲ, ಸಡಿಲವಾಗಿ ಹಾಕುತ್ತಾರೆ. ಬಳ್ಳಿ ದಪ್ಪವಾದಂತೆ ಹಳೆಯ ದಾರ ಬಿಚ್ಚಿ ಹೊಸದು ಕಟ್ಟುತ್ತಾರೆ. ಫ್ರಾನ್ಸಿನ ನಿಕೋಲಾಸ್ ಆಂದ್ರಿ ಎಂಬ ವೈದ್ಯ 1741ರಲ್ಲಿ ಮಕ್ಕಳ ಅಂಗದೋಷಗಳ ಬಗ್ಗೆ ಬರೆದ ಪುಸ್ತಕದಲ್ಲಿ, ಕಂಬಕ್ಕೆ ಹಗ್ಗದಿಂದ ಕಟ್ಟಿದ ಡೊಂಕು ಮರದ ಚಿತ್ರವಿತ್ತು. ಇಂದಿಗೂ ಮೂಳೆ ವೈದ್ಯರ ಸಂಘಗಳು ಅದನ್ನೇ ತಮ್ಮ ಲಾಂಛನವಾಗಿ ಬಳಸುತ್ತವೆ. ಚಿತ್ರ ಚೆನ್ನಾಗಿದೆ, ಆದರೆ ಪೂರ್ತಿ ಸರಿಯಲ್ಲ ಎಂದು ನನಗನಿಸುತ್ತದೆ. ಮರವನ್ನು ಕಟ್ಟಿ ಬಿಟ್ಟರೆ ಸಾಕು, ಕೈಯನ್ನು ಮಾತ್ರ ದಿನವೂ ಬಿಚ್ಚಿ ಆಡಿಸಲೇಬೇಕು.

"ಕೈ ಮುರಿದಿಲ್ಲ, ಮತ್ತ್ಯಾಕ ದಬ್ಬಿ ಕಟ್ಟ್ಯಾರ?" ಎಂದು ಹಳ್ಳಿಯಲ್ಲಿ ಅಜ್ಜಿಯರು ಕೇಳುವುದುಂಟು. ಪ್ರಶ್ನೆ ಸರಿಯಾಗಿಯೇ ಇದೆ. ಮುರಿದ ಮೂಳೆಗೆ ಕಟ್ಟುವ ಬಿದಿರಿನ ದಬ್ಬೆ ಅಲುಗಾಟವನ್ನು ನಿಲ್ಲಿಸಲು. ಸ್ಪ್ಲಿಂಟ್ ಇರುವುದು ಸ್ನಾಯುವನ್ನು ಹಿತವಾದ ಎಳೆತದಲ್ಲಿ ಇಡಲು, ಇಲ್ಲವೇ ಕೆಲಸಕ್ಕೆ ಅನುಕೂಲವಾಗುವಂತೆ ಕೀಲನ್ನು ನಿಲ್ಲಿಸಲು. ರಾತ್ರಿ ಹಾಕುವ ಸ್ಪ್ಲಿಂಟ್ ಮುಂದೋಳಿನಿಂದ ಬೆರಳ ತುದಿಯವರೆಗೂ ಇರುತ್ತದೆ. ಹಗಲಿನದು ಚಿಕ್ಕದು; ಮಣಿಕಟ್ಟನ್ನು ಸ್ವಲ್ಪ ಹಿಂದಕ್ಕೆ ಎತ್ತಿ ಹಿಡಿದು ಬೆರಳುಗಳನ್ನು ಬಿಡುತ್ತದೆ. ಹೆಬ್ಬೆರಳನ್ನು ಮಾತ್ರ ಹೊರಗೆ ತರುವ ಮೆತ್ತನೆಯ ಪಟ್ಟಿಯೂ, ಮೊಣಕೈ ನೇರವಾಗಿಸುವ ಬಟ್ಟೆಯ ಪಟ್ಟಿಯೂ ಇವೆ.

ಇದು ಹೇಗೆ ಕೆಲಸ ಮಾಡುತ್ತದೆ? ಅಡಿಪಟ್ಟಿಯ ಎರಡೂ ತುದಿಗಳನ್ನು ಬೆರಳುಗಳಿಂದ ಮೇಲಕ್ಕೆ ಎತ್ತುತ್ತಾ ನಡುವೆ ಹೆಬ್ಬೆರಳುಗಳಿಂದ ಕೆಳಕ್ಕೆ ಒತ್ತಿ. ಪಟ್ಟಿ ಬಾಗುತ್ತದೆ. ಸ್ಪ್ಲಿಂಟ್‌ನಲ್ಲೂ ಇದೇ ಮೂರು ಬಲಗಳಿವೆ. ಅಂಗೈ ಕೆಳಗೊಂದು, ಮುಂದೋಳಿನ ಕೆಳಗೊಂದು ಮೇಲಕ್ಕೆ ಒತ್ತುತ್ತವೆ. ಮಣಿಕಟ್ಟಿನ ಮೇಲಿನ ಪಟ್ಟಿ ಕೆಳಕ್ಕೆ ಒತ್ತುತ್ತದೆ. ಮುಂದೋಳಿನ ಭಾಗ ಉದ್ದವಾದಷ್ಟೂ ಅಲ್ಲಿ ಬೇಕಾಗುವ ಬಲ ಕಡಿಮೆ. ಸನ್ನೆಯ ಪಾಠ ನೆನಪಿದೆಯೇ? ಪಟ್ಟಿ ಅಗಲವಾದಷ್ಟೂ ಚರ್ಮದ ಮೇಲಿನ ಒತ್ತಡ ಕಡಿಮೆ. ಪಾಟಿಚೀಲಕ್ಕೆ ದಾರ ಕಟ್ಟಿ ಹೊತ್ತರೆ ಹೆಗಲು ಕೊರೆಯುತ್ತದೆ, ಅಗಲ ಪಟ್ಟಿಯಿದ್ದರೆ ಇಲ್ಲ.

ಕೈ ಸ್ಪ್ಲಿಂಟ್‌ಗೆ ಬಳಸುವ ಪ್ಲಾಸ್ಟಿಕ್ ವಿಶೇಷವಾದದ್ದು. ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್ ಬಿಸಿ ನೀರಿನಲ್ಲಿ ಅದ್ದಿದರೆ ಅದು ರೊಟ್ಟಿ ಹಿಟ್ಟಿನಂತೆ ಮೆತ್ತಗಾಗುತ್ತದೆ. ನೀರು ಒರೆಸಿ, ಚರ್ಮ ತಾಳುವಷ್ಟು ಆರಿಸಿ, ನೇರವಾಗಿ ಮಗುವಿನ ಕೈ ಮೇಲೆಯೇ ಅಚ್ಚೊತ್ತಬಹುದು. ಕೆಲವೇ ನಿಮಿಷಗಳಲ್ಲಿ ಅದು ಗಟ್ಟಿಯಾಗುತ್ತದೆ. ಕಾಲಿನ ಸಾಧನಗಳಿಗೆ ಬಳಸುವ ಪಾಲಿಪ್ರೊಪಿಲೀನ್ ಕರಗಲು 160 ಡಿಗ್ರಿ ಆಸುಪಾಸು ಬೇಕು. ಅದನ್ನು ಮೈಮೇಲೆ ಇಡಲಾಗದು. ಮೊದಲು ಪ್ಲಾಸ್ಟರ್‌ನಲ್ಲಿ ಕಾಲಿನ ಅಚ್ಚು ತೆಗೆದು ಅದರ ಮೇಲೆ ರೂಪಿಸುತ್ತಾರೆ.

ಬೇಗ ಮೆತ್ತಗಾಗುವ ಗುಣವೇ ನಮ್ಮ ಜಿಲ್ಲೆಯಲ್ಲಿ ತೊಂದರೆಯನ್ನೂ ತರುತ್ತದೆ. ವಿಜಯಪುರದ ಬೇಸಿಗೆಯಲ್ಲಿ ಗಾಳಿಯ ಉಷ್ಣಾಂಶವೇ 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ಕಾದ ತಗಡು, ಬಿಸಿಲಲ್ಲಿ ನಿಲ್ಲಿಸಿದ ವಾಹನದ ಒಳಭಾಗ ಇದಕ್ಕಿಂತ ಎಷ್ಟೋ ಹೆಚ್ಚು ಬಿಸಿಯಾಗುತ್ತವೆ. ಅಲ್ಲಿಟ್ಟ ಅಥವಾ ಒಲೆಯ ಪಕ್ಕ ಮರೆತ ಸ್ಪ್ಲಿಂಟ್ ಸೊಟ್ಟಗಾಗುತ್ತದೆ. ಅದನ್ನು ತಣ್ಣೀರು, ಸಾಬೂನಿನಿಂದಲೇ ತೊಳೆಯಬೇಕು. ಬೆವರು ನಿಂತು ಚರ್ಮ ಹುಣ್ಣಾಗದಂತೆ ಒಳಗೆ ತೆಳುವಾದ ಹತ್ತಿ ಬಟ್ಟೆಯ ತೋಳು ಹಾಕುವುದು ಒಳ್ಳೆಯದು. ಕೈಬಳೆ ಇದ್ದರೆ ಮೊದಲು ತೆಗೆಯಿರಿ.

ಶಿಕ್ಷಕ ಮಿತ್ರರಲ್ಲಿ ಒಂದು ಮಾತು. ಸ್ಪ್ಲಿಂಟ್ ಬಿಚ್ಚಿದಾಗ ಚರ್ಮ ನೋಡಿ. ಕೆಂಪು ಗುರುತು ಅರ್ಧ ಗಂಟೆಯಲ್ಲಿ ಮಾಯವಾಗದಿದ್ದರೆ, ಬೆರಳು ತಣ್ಣಗಾಗಿದ್ದರೆ ಅಥವಾ ಊದಿದ್ದರೆ ಮತ್ತೆ ಹಾಕಬೇಡಿ, ಚಿಕಿತ್ಸಕರಿಗೆ ತಿಳಿಸಿ. ಬಿಗಿದ ಕೈಯನ್ನು ಜಗ್ಗಿ ನೇರ ಮಾಡಬಾರದು. ಸ್ಪ್ಲಿಂಟ್ ಒಂದರಿಂದಲೇ ಕೈ ಕೆಲಸ ಕಲಿಯುತ್ತದೆ ಎನ್ನಲು ಗಟ್ಟಿಯಾದ ಪುರಾವೆಯಿಲ್ಲ. ಕೈಯ ಬಳಕೆ ಸುಧಾರಿಸುವುದು ಮತ್ತೆ ಮತ್ತೆ ಕೆಲಸ ಮಾಡಿದಾಗ ಎಂದು ಸಂಶೋಧನೆಗಳು ಹೇಳುತ್ತವೆ. ಒಂದು ಬದಿಗೆ ಮಾತ್ರ ತೊಂದರೆಯಿದ್ದರೆ, ಚಿಕಿತ್ಸಕರು ಕೆಲ ಹೊತ್ತು ಚೆನ್ನಾಗಿರುವ ಕೈಗೆ ಚೀಲ ತೊಡಿಸಿ ಇನ್ನೊಂದು ಕೈಗೆ ಕೆಲಸ ಕೊಡುವುದೂ ಉಂಟು. ತರಗತಿಯಲ್ಲಿ ಆ ಮಗುವೂ ಹಾಳೆ ಒತ್ತಿ ಹಿಡಿಯಲಿ, ಡಬ್ಬಿಯ ಮುಚ್ಚಳ ತೆಗೆಯಲಿ, ಊಟದ ತಟ್ಟೆ ಎರಡೂ ಕೈಯಲ್ಲಿ ಹಿಡಿಯಲಿ. ಹಗಲಿನ ಸ್ಪ್ಲಿಂಟ್ ಯಾವಾಗ ಹಾಕಬೇಕು, ಯಾವಾಗ ಬಿಚ್ಚಬೇಕು ಎಂಬುದನ್ನು ಬರೆಸಿಕೊಂಡು ತರಗತಿಯಲ್ಲಿ ಇಟ್ಟುಕೊಳ್ಳಿ.

ಸ್ಪ್ಲಿಂಟ್ ಎಲ್ಲಿ ಸಿಗುತ್ತದೆ? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಾಗ ಮಗುವನ್ನು ತೋರಿಸಿ. ಅಲ್ಲಿಂದ ಜಿಲ್ಲಾ ಮಟ್ಟದ ಚಿಕಿತ್ಸೆಗೆ ಕಳುಹಿಸುವ ವ್ಯವಸ್ಥೆಯಿದೆ. ಸಮಗ್ರ ಶಿಕ್ಷಣದ ಸಾಧನ ಸಲಕರಣೆ ಶಿಬಿರಗಳ ದಿನಾಂಕ ನಿಮ್ಮ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ತಿಳಿಯುತ್ತದೆ. ತಿಕೋಟಾ, ಬಬಲೇಶ್ವರದಿಂದ ವಿಜಯಪುರ ನಗರ ದೂರವೇನಲ್ಲ, ಇಪ್ಪತ್ತು ಇಪ್ಪತ್ತೈದು ಕಿ.ಮೀ. ಅಷ್ಟೇ. ಆದರೆ ತೋಟದ ಕೂಲಿಗೆ ಹೋಗುವ ತಾಯಿಗೆ ಪ್ರತಿ ಭೇಟಿಯೂ ಒಂದು ದಿನದ ಸಂಬಳ. ಆದ್ದರಿಂದ ಯಾವಾಗ ಹೋಗಬೇಕೆಂದು ಶಾಲೆಯಲ್ಲೇ ತಿಳಿಯುವಂತಿದ್ದರೆ ಚೆನ್ನ.

ಅದಕ್ಕೊಂದು ಸರಳ ಉಪಾಯವಿದೆ. ಹೊಸ ಸ್ಪ್ಲಿಂಟ್ ಬಂದ ದಿನ ಅದನ್ನು ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ಅದರೊಳಗೆ ಮಗುವಿನ ಕೈಯಿಟ್ಟು, ನೋವಾಗದಂತೆ ಬರುವಷ್ಟೇ ಚಾಚಿಸಿ, ಇನ್ನೊಂದು ಗೆರೆ ಎಳೆದು ದಿನಾಂಕ ಬರೆಯಿರಿ. ಎರಡು ಮೂರು ತಿಂಗಳಿಗೊಮ್ಮೆ ಅದೇ ಹಾಳೆಯಲ್ಲಿ ಬೇರೆ ಬಣ್ಣದಿಂದ ಕೈಯ ಗೆರೆ ಎಳೆಯಿರಿ. ಕೈಯ ಗೆರೆ ಸ್ಪ್ಲಿಂಟ್‌ನ ಗೆರೆಯನ್ನು ಮುಟ್ಟುವಷ್ಟರಲ್ಲಿ ಹೊಸ ಅಳತೆಗೆ ಹೋಗುವ ದಿನ ಗೊತ್ತುಮಾಡಿಕೊಳ್ಳಿ, ಹೋಗುವಾಗ ಆ ಹಾಳೆಯನ್ನೂ ತಾಯಿಯ ಕೈಗೆ ಕೊಡಿ.