ಮನೆಲೆಕ್ಕವೂ ಯಂತ್ರವೂ

ಗಣಿತವು ಕೇಳಿ ತಿಳಿಯುವ ವಿದ್ಯೆಯಲ್ಲ, ಮಾಡಿ ಕಲಿಯುವ ವಿದ್ಯೆ. ಮಾಡಿದ್ದು ಸರಿಯೋ ತಪ್ಪೋ ಎಂಬುದು ಬೇಗ ತಿಳಿಯದಿದ್ದರೆ ತಪ್ಪೇ ರೂಢಿಯಾಗಿಬಿಡುತ್ತದೆ. ಯಾದಗಿರಿ, ಶಹಾಪುರ ಅಥವಾ ಸುರಪುರದ ಒಂದು ಪ್ರೌಢಶಾಲೆಯ ತರಗತಿಯಲ್ಲಿ 50 ಮಂದಿ ವಿದ್ಯಾರ್ಥಿಗಳಿದ್ದಾರೆಂದು ಭಾವಿಸೋಣ. ತಲೆಗೆ 5 ಲೆಕ್ಕಗಳಂತೆ ದಿನಕ್ಕೆ 250 ಉತ್ತರಗಳಾದವು. ಒಂದಕ್ಕೆ ಅರ್ಧ ನಿಮಿಷವೆಂದರೂ ತಿದ್ದಲು ಎರಡು ಗಂಟೆ ಮೀರುತ್ತದೆ. ಅಂತಹ ಮೂರು ತರಗತಿಗಳಿದ್ದರೆ, ತಿದ್ದಿದ ಪುಸ್ತಕವು ವಿದ್ಯಾರ್ಥಿಯ ಕೈಸೇರುವ ವೇಳೆಗೆ ಪಾಠವು ಮುಂದೆ ಸಾಗಿರುತ್ತದೆ.

ಈ ಕಷ್ಟವನ್ನು ನೀಗಲು ಅಂತರ್ಜಾಲದ ಮನೆಲೆಕ್ಕ ಸಾಧನಗಳು ಹುಟ್ಟಿಕೊಂಡವು. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾನಿಲಯದ ಗಣಿತ ಪ್ರಾಧ್ಯಾಪಕರಾದ ಮೈಕೆಲ್ ಗೇಜ್ ಮತ್ತು ಆರ್ನಾಲ್ಡ್ ಪೈಜರ್ ‘ವೆಬ್‌ವರ್ಕ್’ ಎಂಬ ಸಾಧನವನ್ನು ರೂಪಿಸಿ 1996ರಲ್ಲಿ ಬಳಕೆಗೆ ತಂದರು. ಅದರಲ್ಲಿ ಎಲ್ಲರಿಗೂ ಲೆಕ್ಕ ಒಂದೇ. ಅಂಕಿಗಳು ಮಾತ್ರ ಬೇರೆ ಬೇರೆ. ಗೆಳೆಯನಿಂದ ಕ್ರಮವನ್ನು ಕೇಳಿ ತಿಳಿಯಬಹುದು, ಉತ್ತರವನ್ನು ನಕಲು ಮಾಡಲಾಗದು. ಈ ಪದ್ಧತಿ ನಮ್ಮ ನೆಲಕ್ಕೆ ಅಪರಿಚಿತವೇನಲ್ಲ. ಯಾದಗಿರಿಯ ನೆರೆಯ ಕಲಬುರಗಿ ಜಿಲ್ಲೆಯ ಮಳಖೇಡವು ಅಮೋಘವರ್ಷ ನೃಪತುಂಗನ ರಾಜಧಾನಿಯಾಗಿತ್ತು. ಅವನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿಯೂ ಮೊದಲು ಸೂತ್ರ, ಅನಂತರ ಅದನ್ನು ಅಭ್ಯಾಸ ಮಾಡಲು ‘ಉದ್ದೇಶಕ’ಗಳೆಂಬ ಲೆಕ್ಕಗಳು ಬರುತ್ತವೆ.

ಯಂತ್ರವು ಉತ್ತರವನ್ನು ಪರೀಕ್ಷಿಸುವ ಬಗೆ ಸ್ವಾರಸ್ಯವಾದುದು. ಸರಿಯುತ್ತರ 2(ಕ್ಷ+3) ಎಂದಿರಲಿ; ವಿದ್ಯಾರ್ಥಿ 2ಕ್ಷ+6 ಎಂದು ಬರೆದನೆನ್ನಿ. ರೂಪ ಬೇರೆಯಾದರೂ ಬೆಲೆ ಒಂದೇ. ಯಂತ್ರವು ‘ಕ್ಷ’ದ ಸ್ಥಾನದಲ್ಲಿ ತನಗೆ ತೋಚಿದ ಸಂಖ್ಯೆಗಳನ್ನಿಟ್ಟು ನೋಡುತ್ತದೆ. 1 ಇಟ್ಟರೆ ಎರಡೂ 8. 5 ಇಟ್ಟರೆ ಎರಡೂ 16. ಹೀಗೆ ಹಲವು ಸಲ ತಾಳೆಯಾದರೆ ಉತ್ತರ ಸರಿ. 2ಕ್ಷ+3 ಎಂದು ಬರೆದವನು ಮೊದಲ ಪರೀಕ್ಷೆಯಲ್ಲಿಯೇ ಸಿಕ್ಕಿಬೀಳುತ್ತಾನೆ.

ಇಷ್ಟು ಜಾಣತನವಿದ್ದರೂ ಇಂತಹ ಸಾಧನಗಳು ಅನೇಕ ವೇಳೆ ಉಪಾಧ್ಯಾಯರ ಕೈಗೆ ಒಗ್ಗುವುದಿಲ್ಲ. ವೆಬ್‌ವರ್ಕ್‌ನಲ್ಲಿ ಹೊಸ ಲೆಕ್ಕವೊಂದನ್ನು ಸೇರಿಸಲು ಗಣಕಯಂತ್ರದ ಸಂಕೇತಭಾಷೆಯಲ್ಲಿ ಬರೆಯಬೇಕು. ಅಪವರ್ತನವನ್ನು ಸೊಗಸಾಗಿ ಬೋಧಿಸಬಲ್ಲವರು ಆ ಭಾಷೆಯನ್ನೂ ಬಲ್ಲವರಾಗಿರಬೇಕೆಂಬುದು ನ್ಯಾಯವಲ್ಲ. ಇತರರು ಬರೆದಿಟ್ಟ ಲೆಕ್ಕಗಳ ಭಂಡಾರವು ಅದರೊಡನೆ ಇದೆ, ನಿಜ. ಆದರೆ ಅದು ನಮ್ಮ ಪಠ್ಯದ ಅಧ್ಯಾಯಗಳನ್ನು ಅನುಸರಿಸಿದ್ದಲ್ಲ. ಪಠ್ಯಪುಸ್ತಕದ ಲೆಕ್ಕವೊಂದನ್ನು ಹಾಗೆಯೇ ಬೆರಳಚ್ಚು ಮಾಡಿ, ಬದಲಾಗಬೇಕಾದ ಅಂಕಿಗಳ ಕೆಳಗೆ ಗೆರೆ ಎಳೆದರೆ ಸಾಕು ಎಂಬಂತಾದರೆ ಉಪಾಧ್ಯಾಯರ ಭಾರ ಇಳಿಯುತ್ತದೆ.

ಕನ್ನಡದ ತೊಡಕುಗಳೂ ಇವೆ. 5 ಎಂದರೆ ಒಪ್ಪುವ ಯಂತ್ರ ೫ ಎಂದರೆ ಒಪ್ಪದಿರಬಹುದು. ಅನುಸ್ವಾರಕ್ಕೂ ಶೂನ್ಯಕ್ಕೂ ನಾವು ಸೊನ್ನೆಯೆಂದೇ ಹೇಳುತ್ತೇವೆ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ! 1,25,000 ಎಂದು ಬರೆದರೆ ಮೂರು ಸಂಖ್ಯೆಗಳೆಂದು ತಿಳಿಯುವ ಸಾಧನಗಳೂ ಉಂಟು. ತಪ್ಪು ಮಾಡದ ಹುಡುಗಿಗೆ ತಪ್ಪೆಂಬ ಗುರುತು ಬಿದ್ದಾಗ ಸಮಾಧಾನ ಹೇಳಬೇಕಾದವರು ಉಪಾಧ್ಯಾಯರೇ.

2017ರಲ್ಲಿ ಆರಂಭವಾದ ‘ದೀಕ್ಷಾ’ ಎಂಬ ಜಾಲತಾಣದಿಂದ ಒಂದು ಅನುಕೂಲವಾಯಿತು. ಪಠ್ಯಪುಸ್ತಕದಲ್ಲಿ ಅಚ್ಚಾದ ಕ್ಯೂಆರ್ ಸಂಕೇತಕ್ಕೆ ಮೊಬೈಲ್ ಹಿಡಿದರೆ ಆಯಾ ಪಾಠದ ಸಾಮಗ್ರಿ ತೆರೆದುಕೊಳ್ಳುತ್ತದೆ. ಆದರೆ ಮೊಬೈಲ್ ಎಲ್ಲಿದೆ? 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ‘ವಿದ್ಯಾಗಮ’ ಯೋಜನೆಯಡಿ ಉಪಾಧ್ಯಾಯರೇ ಮಕ್ಕಳಿರುವಲ್ಲಿಗೆ ಹೋಗಿ ಪಾಠ ಹೇಳಬೇಕಾಯಿತು. ಈ ಭಾಗದಲ್ಲಿ ತಂದೆ ಗುಳೆ ಹೋದರೆ ಮನೆಯ ಒಂದೇ ಮೊಬೈಲೂ ಅವನೊಡನೆ ಹೋಗುತ್ತದೆ. ಅಕ್ಷರ ಫೌಂಡೇಶನ್ ಚಿಕ್ಕ ಮಕ್ಕಳಿಗಾಗಿ ಸಿದ್ಧಪಡಿಸಿದ ‘ಬಿಲ್ಡಿಂಗ್ ಬ್ಲಾಕ್ಸ್’ ಕನ್ನಡದಲ್ಲಿದೆ, ಒಮ್ಮೆ ಇಳಿಸಿಕೊಂಡರೆ ಅಂತರ್ಜಾಲವಿಲ್ಲದೆಯೂ ನಡೆಯುತ್ತದೆ. ಪ್ರೌಢಶಾಲೆಯ ಸಾಧನವೂ ಹಾಗಿರಬೇಕು. ಲೆಕ್ಕಗಳನ್ನು ಕಾಗದದ ಮೇಲೆ ಮುದ್ರಿಸಿ ಹಂಚುವಂತೆಯೂ ಇರಬೇಕು.

ಎಲ್ಲಕ್ಕಿಂತ ಬೆಲೆಯುಳ್ಳದ್ದು ಯಂತ್ರವು ಉಪಾಧ್ಯಾಯರಿಗೆ ಒಪ್ಪಿಸುವ ವರದಿ. ‘50ರಲ್ಲಿ 22 ಮಂದಿ ತಪ್ಪು’ ಎಂದಷ್ಟೇ ಹೇಳಿದರೆ ಪ್ರಯೋಜನ ಕಡಿಮೆ. (5+2)²ಕ್ಕೆ 29 ಎಂದು ಬರೆದವರು 18 ಮಂದಿ ಎಂದು ಹೇಳಿದರೆ ರೋಗದ ಮೂಲವೇ ತಿಳಿದಂತೆ: ಅವರು 25ಕ್ಕೆ 4 ಕೂಡಿಸಿ ನಿಲ್ಲಿಸಿದ್ದಾರೆ. ಮರುದಿನ ಉಪಾಧ್ಯಾಯರು ಹಲಗೆಯ ಮೇಲೆ 7 ಅಳತೆಯ ಚೌಕವನ್ನು ಬರೆದು, ಬದಿಗಳನ್ನು 5 ಮತ್ತು 2 ಎಂದು ಭಾಗಿಸಿ, ಮೂಲೆಗಳ ಎರಡು ಚೌಕಗಳಲ್ಲದೆ 10ರಂತೆ ಇನ್ನೆರಡು ಆಯತಗಳು ಉಳಿದಿರುವುದನ್ನು ಆ ಹದಿನೆಂಟು ಮಂದಿಗೆ ತೋರಿಸಬಹುದು.