ತೊಲೆಯ ಒಡಲಿನಲ್ಲಿ ಪೀಡನ

ಮರದ ಅಳತೆಪಟ್ಟಿಯೊಂದರ ಎರಡು ತುದಿಗಳನ್ನೂ ಎರಡು ಪುಸ್ತಕಗಳ ಮೇಲೆ ಇರಿಸಿ, ನಡುವೆ ಬೆರಳಿನಿಂದ ಒತ್ತಿ ನೋಡೋಣ. ಪಟ್ಟಿಯು ಚಪ್ಪಟೆಯಾಗಿ ಮಲಗಿದ್ದರೆ ಅದು ಸುಲಭವಾಗಿ ಬಾಗುವುದು. ಅದನ್ನೇ ಅಂಚಿನ ಮೇಲೆ ನಿಲ್ಲಿಸಿ ಒತ್ತಿದರೆ ಬಾಗುವುದು ಕಣ್ಣಿಗೆ ಕಾಣಿಸುವುದೇ ಇಲ್ಲ. ಮರವೂ ಅದೇ, ಅಡ್ಡಛೇದದ ವಿಸ್ತೀರ್ಣವೂ ಅದೇ, ಬೆರಳಿನ ಭಾರವೂ ಅದೇ. ಆದರೂ ನಡತೆಯಲ್ಲಿ ಇಷ್ಟು ಅಂತರವೇಕೆ? ಪಟ್ಟಿಯ ಅಗಲ 30 ಮಿಲಿಮೀಟರ್, ದಪ್ಪ 3 ಮಿಲಿಮೀಟರ್ ಎಂದಿಟ್ಟುಕೊಂಡರೆ, ನಿಲ್ಲಿಸಿದ ಪಟ್ಟಿಯು ಮಲಗಿಸಿದ ಪಟ್ಟಿಯ ನೂರರಲ್ಲೊಂದು ಪಾಲು ಮಾತ್ರ ಬಾಗುವುದೆಂದೂ, ಅದರೊಳಗಿನ ಅತ್ಯಧಿಕ ಪೀಡನವು ಹತ್ತರಲ್ಲೊಂದು ಪಾಲು ಮಾತ್ರವೆಂದೂ ಲೆಕ್ಕದಿಂದ ತಿಳಿಯುತ್ತದೆ.

ಪೀಡನವೆಂದರೇನು? ಘನವಸ್ತುವಿನ ಒಳಗೆ ಒಂದು ತಲವನ್ನು ಊಹಿಸಿಕೊಳ್ಳೋಣ. ಆ ತಲದ ಒಂದು ಮಗ್ಗುಲಿನ ಭಾಗವು ಇನ್ನೊಂದು ಮಗ್ಗುಲಿನ ಭಾಗದ ಮೇಲೆ ಪ್ರತಿಯೊಂದು ಚದರ ಮಿಲಿಮೀಟರಿನಲ್ಲಿಯೂ ಪ್ರಯೋಗಿಸುವ ಬಲವೇ ಪೀಡನ. ತೊಲೆಯು ಮುರಿಯುವುದು ಅದರ ಮೇಲಿರುವ ಒಟ್ಟು ಭಾರವನ್ನು ನೋಡಿ ಅಲ್ಲ. ಅದರ ಒಡಲಿನ ಯಾವುದೋ ಒಂದು ಸ್ಥಳದಲ್ಲಿ ಪೀಡನವು ಆ ವಸ್ತುವಿನ ಮಿತಿಯನ್ನು ಮೀರಿದಾಗ ಬಿರುಕು ಹುಟ್ಟುತ್ತದೆ. ಆದುದರಿಂದ ಪೀಡನ ಎಲ್ಲಿ ಎಷ್ಟಿದೆಯೆಂಬುದೇ ಎಂಜಿನಿಯರನ ಮುಖ್ಯ ಪ್ರಶ್ನೆ.

ಬಾಗಿದ ತೊಲೆಯನ್ನು ತೆಳುವಾದ ಪದರಗಳ ಕಟ್ಟೆಂದು ಭಾವಿಸೋಣ. ನಡುವೆ ಭಾರವಿಟ್ಟಾಗ ಮೇಲಿನ ಪದರಗಳು ಅದುಮಿಕೊಂಡು ಕಿರಿದಾಗುತ್ತವೆ. ಕೆಳಗಿನವು ಹಿಗ್ಗಿ ಉದ್ದವಾಗುತ್ತವೆ. ಇವೆರಡರ ನಡುವೆ ಹಿಗ್ಗದೆ ಕುಗ್ಗದೆ ಉಳಿಯುವ ಒಂದು ಪದರವುಂಟು. ಅದೇ ತಟಸ್ಥ ಪದರ. ಅದರಿಂದ ದೂರ ಸರಿದಂತೆಲ್ಲ ಪೀಡನವು ಅದೇ ಪ್ರಮಾಣದಲ್ಲಿ ಹೆಚ್ಚುತ್ತ ಹೋಗಿ ಮೇಲಂಚು ಕೆಳಅಂಚುಗಳಲ್ಲಿ ಶಿಖರವನ್ನು ಮುಟ್ಟುತ್ತದೆ. ನಿಲ್ಲಿಸಿದ ಅಳತೆಪಟ್ಟಿಯಲ್ಲಿ ಬಹುಪಾಲು ಮರವು ತಟಸ್ಥ ಪದರದಿಂದ ದೂರದಲ್ಲಿದ್ದು ಹೆಚ್ಚು ಕೆಲಸ ಮಾಡುತ್ತದೆ. ರೈಲು ಸೇತುವೆಗಳ ಉಕ್ಕಿನ ತೊಲೆಗಳಿಗೆ ಮೇಲೂ ಕೆಳಗೂ ಅಗಲವಾದ ಪಟ್ಟಿ, ನಡುವೆ ತೆಳುವಾದ ಗೋಡೆ ಇರುವುದು ಈ ಕಾರಣದಿಂದಲೇ.

ಈ ಸರಳವಾದ ಚಿತ್ರವು ಒಮ್ಮೆಗೇ ದೊರೆತುದಲ್ಲ. 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಗೆಲಿಲಿಯೊ, ಗೋಡೆಯಿಂದ ಹೊರಚಾಚಿದ ತೊಲೆಯೊಂದನ್ನು ವಿಚಾರ ಮಾಡಿದನು. ಅಡ್ಡಛೇದದ ಎಲ್ಲ ಭಾಗಗಳೂ ಎಳೆತವನ್ನು ಸಮನಾಗಿ ಹಂಚಿಕೊಳ್ಳುವುವೆಂದು ಅವನ ಊಹೆ. ಅದರಂತೆ ಲೆಕ್ಕ ಹಾಕಿದರೆ ಚೌಕಾಕಾರದ ತೊಲೆಯ ಶಕ್ತಿಯು ಇಂದಿನ ಸೂತ್ರದಿಂದ ಬರುವುದರ ಮೂರರಷ್ಟಾಗುತ್ತದೆ! ಸರಿಯಾದ ಹಂಚಿಕೆಯನ್ನೂ ತಟಸ್ಥ ಪದರದ ಸ್ಥಾನವನ್ನೂ ಫ್ರಾನ್ಸಿನ ನೇವಿಯೆ 1826ರಲ್ಲಿ ಪ್ರಕಟಿಸಿದ ತನ್ನ ಉಪನ್ಯಾಸಗಳಲ್ಲಿ ಸ್ಪಷ್ಟಪಡಿಸಿದನು. ಗೆಲಿಲಿಯೊವಿನಂತಹ ಮೇಧಾವಿಯೂ ಎಡವಿದುದು, ಒಂದೆಡೆ ಹೆಚ್ಚು ಒಂದೆಡೆ ಕಡಿಮೆ ಇರುವುದನ್ನು ಎಲ್ಲೆಡೆಯೂ ಸಮವೆಂದು ಎಣಿಸಿದುದರಿಂದ. ಈ ಮಾತನ್ನು ನೆನಪಿನಲ್ಲಿಡೋಣ.

ತೊಲೆಯಲ್ಲಿ ಇನ್ನೊಂದು ಬಗೆಯ ಪೀಡನವೂ ಉಂಟು. ದಪ್ಪನಾದ ಪುಸ್ತಕವನ್ನು ಬಾಗಿಸಿದರೆ ಹಾಳೆಗಳು ಒಂದರ ಮೇಲೊಂದು ಜಾರುತ್ತವೆ. ಹಾಳೆಗಳನ್ನೆಲ್ಲ ಅಂಟಿಸಿಬಿಟ್ಟರೆ ಜಾರಲಾರವು. ಆಗ ಅಂಟು ಆ ಜಾರುವಿಕೆಯನ್ನು ತಡೆಯಬೇಕು. ತೊಲೆಯ ಒಡಲಿನಲ್ಲಿ ಹೀಗೆ ಉಂಟಾಗುವುದನ್ನು ಜಾರುಪೀಡನವೆನ್ನೋಣ. ಚೌಕಾಕಾರದ ಅಡ್ಡಛೇದದಲ್ಲಿ ಇದು ಮೇಲಂಚು ಕೆಳಅಂಚುಗಳಲ್ಲಿ ಸೊನ್ನೆ. ನಟ್ಟನಡುವೆ ಸರಾಸರಿಯ ಒಂದೂವರೆಯಷ್ಟು. ಆಧಾರಗಳ ಬಳಿಯ ಅಡ್ಡಛೇದಗಳಲ್ಲಿ ಇದು ಎಲ್ಲಕ್ಕಿಂತ ಹೆಚ್ಚು.

ತೊಲೆಯು ನೇರವಾಗಿಯೂ ಸರಳಾಕಾರವಾಗಿಯೂ ಇರುವವರೆಗೆ ಈ ಸೂತ್ರಗಳು ಸಾಕು. ಆದರೆ ತೊಲೆಯಲ್ಲಿ ರಂಧ್ರವಿದ್ದರೆ, ಎರಡು ಗೋಡೆಗಳು ಓರೆಯಾಗಿ ಕೂಡಿದ್ದರೆ, ಪೊಳ್ಳಾದ ಕಂಬವನ್ನು ತಿರುಚಿದರೆ ಏನು ಮಾಡಬೇಕು? ವೃತ್ತದ ಪರಿಧಿಯನ್ನು ಅಳೆಯಲು ಆರ್ಕಿಮಿಡೀಸನು 96 ಭುಜಗಳ ಆಕೃತಿಯನ್ನು ಬಳಸಿದುದನ್ನು ವಾಚಕರು ಬಲ್ಲರು. ವಕ್ರವಾದುದನ್ನು ಚಿಕ್ಕ ಚಿಕ್ಕ ನೇರ ತುಂಡುಗಳಿಂದ ತುಂಬುವ ಆ ಯುಕ್ತಿಯೇ ಇಲ್ಲಿಯೂ ನೆರವಾಗುತ್ತದೆ. 1943ರಲ್ಲಿ ಪ್ರಕಟವಾದ ಲೇಖನದಲ್ಲಿ ಗಣಿತಜ್ಞ ಕೂರಾಂಟನು ತಿರುಚಿದ ಪೊಳ್ಳು ದಂಡದ ಅಡ್ಡಛೇದವನ್ನು ತ್ರಿಕೋನಗಳಾಗಿ ವಿಭಾಗಿಸಿ ಲೆಕ್ಕ ಮಾಡಿದನು. 1956ರಲ್ಲಿ ಟರ್ನರ್, ಕ್ಲಫ್, ಮಾರ್ಟಿನ್, ಟಾಪ್ ಎಂಬ ನಾಲ್ವರು ವಿಮಾನದ ರಚನೆಗಳಿಗೆ ಇಂತಹ ವಿಧಾನವನ್ನು ಅನ್ವಯಿಸಿದರು. 1960ರಲ್ಲಿ ಕ್ಲಫ್ ಇದಕ್ಕೆ 'ಫೈನೈಟ್ ಎಲಿಮೆಂಟ್', ಎಂದರೆ ಪರಿಮಿತ ಖಂಡಗಳ ವಿಧಾನವೆಂದು ಹೆಸರಿಟ್ಟನು.

ವಿಧಾನದ ತಿರುಳು ಇಷ್ಟೇ. ವಸ್ತುವನ್ನು ಬಲೆಯ ಕಣ್ಣುಗಳಂತೆ ಖಂಡಗಳಾಗಿ ಹಂಚಿ, ಅವು ಗಂಟುಗಳಲ್ಲಿ ಮಾತ್ರ ಪರಸ್ಪರ ಕೂಡಿವೆಯೆಂದು ಭಾವಿಸುತ್ತೇವೆ. ಪ್ರತಿಯೊಂದು ಖಂಡವೂ ಒಂದು ಪುಟ್ಟ ಸ್ಪ್ರಿಂಗಿನಂತೆ. ಗಂಟುಗಳು ಇಷ್ಟು ಸರಿದರೆ ಇಷ್ಟು ಬಲವೆಂದು ಸೂತ್ರ ಹೇಳುತ್ತದೆ. ಪ್ರತಿಯೊಂದು ಗಂಟಿನಲ್ಲಿಯೂ ಬಲಗಳು ಸಮತೋಲನದಲ್ಲಿರಬೇಕೆಂಬ ನಿಯಮದಿಂದ ಸಮೀಕರಣಗಳು ದೊರೆಯುತ್ತವೆ. ಅವು ಸಾವಿರಾರು ಇರಬಹುದು, ಲಕ್ಷಾಂತರವೂ ಇರಬಹುದು. ಅವುಗಳನ್ನು ಬಿಡಿಸುವ ಕೆಲಸ ಕಂಪ್ಯೂಟರಿನದು. ಗಂಟುಗಳ ಸರಿತ ತಿಳಿದ ಮೇಲೆ ಖಂಡಗಳ ಪೀಡನವೂ ತಿಳಿಯುತ್ತದೆ.

ಎಡವುವ ಸ್ಥಳವೂ ಇಲ್ಲಿಯೇ ಇದೆ. ಅತ್ಯಂತ ಸರಳವಾದ ಖಂಡವು ತನ್ನ ಒಡಲಿಗೆಲ್ಲ ಒಂದೇ ಪೀಡನವನ್ನು ಹೇಳಬಲ್ಲುದು. ಅದು ಒಂದು ಸರಾಸರಿ. ಬಾಗಿದ ತೊಲೆಯ ಎತ್ತರವನ್ನು ಎರಡೇ ಖಂಡಗಳಾಗಿ ವಿಭಾಗಿಸಿದೆವೆನ್ನೋಣ. ತಟಸ್ಥ ಪದರದಲ್ಲಿ ಪೀಡನ ಸೊನ್ನೆ, ಅಂಚಿನಲ್ಲಿ 100 ಆಗಿದ್ದರೆ, ಖಂಡವು ಹೇಳುವ ಸರಾಸರಿ 50. ನಾಲ್ಕು ಖಂಡಗಳಾದರೆ ಅಂಚಿನ ಖಂಡವು 75 ಎನ್ನುತ್ತದೆ. ಹತ್ತಾದರೆ 90, ಇಪ್ಪತ್ತಾದರೆ 95. ಯಂತ್ರವು ತಪ್ಪು ಮಾಡಿಲ್ಲ. ಕೇಳಿದ ಸರಾಸರಿಯನ್ನು ಸರಿಯಾಗಿಯೇ ಹೇಳಿದೆ. ಆದರೆ ತೊಲೆಯು ಮುರಿಯುವುದು ಸರಾಸರಿಯಿಂದಲ್ಲ, ಶಿಖರದಿಂದ.

ಈ ಮಾತಿಗೆ ಒಂದು ದುಬಾರಿಯಾದ ನಿದರ್ಶನವುಂಟು. ಉತ್ತರ ಸಮುದ್ರದಲ್ಲಿ 82 ಮೀಟರ್ ಆಳದ ಸ್ಥಳಕ್ಕಾಗಿ ನಾರ್ವೆ ದೇಶದಲ್ಲಿ ಸ್ಲೈಪ್ನರ್-ಎ ಎಂಬ ಅನಿಲವೇದಿಕೆಯ ಕಾಂಕ್ರೀಟು ಬುಡವನ್ನು ಕಟ್ಟಿದ್ದರು. ಒಂದಕ್ಕೊಂದು ಅಂಟಿಕೊಂಡ 24 ಕೋಶಗಳು. ಅವುಗಳ ನಡುವೆ ಉಳಿದ ತ್ರಿಕೋನಾಕಾರದ ಸಂದಿಗಳಲ್ಲಿ ಸಮುದ್ರದ ನೀರು. 1991ರ ಆಗಸ್ಟ್ 23ರಂದು ಸ್ತಾವಂಗರ್ ನಗರದ ಬಳಿಯ ಕೊಲ್ಲಿಯಲ್ಲಿ ಬುಡವನ್ನು ಮೆಲ್ಲಗೆ ಮುಳುಗಿಸಿ ಪರೀಕ್ಷಿಸುತ್ತಿದ್ದಾಗ ಸಂದಿಯ ಗೋಡೆಯೊಂದು ಒಡೆಯಿತು. ನುಗ್ಗಿದ ನೀರನ್ನು ಪಂಪುಗಳು ತಡೆಯಲಾರದೆ ಹೋದವು. ಇಡೀ ರಚನೆ ತಳ ಸೇರಿ ನುಚ್ಚುನೂರಾಯಿತು. ಭೂಕಂಪಮಾಪಕಗಳು 3ರ ಪ್ರಮಾಣದ ಕಂಪನವನ್ನು ದಾಖಲಿಸಿದವು. ಪ್ರಾಣಹಾನಿಯಾಗಲಿಲ್ಲ. ಆದರೆ ಒಟ್ಟು ನಷ್ಟ ಸುಮಾರು 70 ಕೋಟಿ ಡಾಲರ್.

ತನಿಖೆಯಲ್ಲಿ ಕಂಡುದೇನು? ಸಂದಿಯ ಗೋಡೆಯು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹಾಯ್ದ ತೊಲೆಯಂತೆಯೇ. ಅದರ ಭಾರ ನೀರಿನ ಒತ್ತಡ. ಆ ಮೂಲೆಗಳ ಬಳಿ ಲೆಕ್ಕದ ಖಂಡಗಳು ತೀರ ದೊಡ್ಡವಾಗಿಯೂ ಓರೆಯಾಗಿಯೂ ಇದ್ದವು. ಆದುದರಿಂದ ಜಾರುಪೀಡನವು ಇರಬೇಕಾದುದಕ್ಕಿಂತ ಶೇಕಡಾ 47ರಷ್ಟು ಕಡಿಮೆಯೆಂದು ಉತ್ತರ ಬಂದಿತ್ತು. ಅದನ್ನು ನಂಬಿ ಅಲ್ಲಿ ಹಾಕಿದ್ದ ಕಬ್ಬಿಣವೂ ಸಾಲದಾಗಿತ್ತು. ಸರಳುಗಳ ಹಿಡಿತವೂ ಸಮರ್ಪಕವಾಗಿರಲಿಲ್ಲ. ಅನಂತರ ಸೂಕ್ಷ್ಮವಾದ ಬಲೆಯಿಂದ ಮತ್ತೆ ಲೆಕ್ಕ ಮಾಡಿದಾಗ, ಗೋಡೆಯು 62 ಮೀಟರ್ ಆಳದಲ್ಲಿ ಒಡೆಯಬೇಕೆಂದು ಬಂದಿತು. ವಾಸ್ತವವಾಗಿ ಒಡೆದುದು 65 ಮೀಟರಿನಲ್ಲಿ! ವಿಧಾನದಲ್ಲಿ ಕೊರತೆಯಿರಲಿಲ್ಲ, ಬಳಸಿದ ರೀತಿಯಲ್ಲಿತ್ತು.

ಇಂತಹ ತಪ್ಪನ್ನು ಕಾಗದ ಪೆನ್ಸಿಲುಗಳಿಂದ ಹಿಡಿಯಬಹುದೇ? ಪ್ರಯತ್ನಿಸೋಣ. 65 ಮೀಟರ್ ಆಳದಲ್ಲಿ ನೀರಿನ ಒತ್ತಡ ಚದರ ಮೀಟರಿಗೆ ಸುಮಾರು 65 ಟನ್ನು. ಉದಾಹರಣೆಗೆಂದು 4 ಮೀಟರ್ ಉದ್ದ, 1 ಮೀಟರ್ ಎತ್ತರದ ಗೋಡೆಯ ಪಟ್ಟಿಯನ್ನು ತೆಗೆದುಕೊಂಡರೆ ಅದರ ಮೇಲಿನ ಭಾರ 260 ಟನ್ನು. ಎರಡು ತುದಿಗಳೂ ತಲಾ 130 ಟನ್ನನ್ನು ತಡೆಯಲೇಬೇಕು. ಇದು ನ್ಯೂಟನನ ನಿಯಮ. ಕಂಪ್ಯೂಟರು ಕೊಟ್ಟ ಜಾರುಪೀಡನಗಳನ್ನು ತುದಿಯ ಅಡ್ಡಛೇದದ ಮೇಲೆಲ್ಲ ಕೂಡಿಸಿದಾಗ 130 ಟನ್ನು ಬಾರದೆ 70 ಮಾತ್ರ ಬಂದರೆ, ಉತ್ತರವನ್ನು ಬದಿಗಿಡಬೇಕು. ಸ್ಲೈಪ್ನರಿನ ಎರಡನೆಯ ಬುಡವನ್ನು ವಿನ್ಯಾಸ ಮಾಡುವಾಗ ಎಂಜಿನಿಯರುಗಳು ಕಂಪ್ಯೂಟರಿಗಾಗಿ ಕಾಯದೆ ಹಳೆಯ ಕಾಲದ ಕೈಲೆಕ್ಕವನ್ನು ಅವಲಂಬಿಸಿ ಮುಂದುವರಿದರು.

ಇಂದು ಈ ವಿಧಾನದ ಪ್ರೋಗ್ರಾಮುಗಳು ವಿದ್ಯಾರ್ಥಿಗಳಿಗೂ ಉಚಿತವಾಗಿ ದೊರೆಯುತ್ತವೆ. ತೆರೆಯ ಮೇಲೆ ಕೆಂಪು, ಹಳದಿ, ನೀಲಿ ಬಣ್ಣಗಳಲ್ಲಿ ಪೀಡನದ ಚಿತ್ರ ಮೂಡಿದಾಗ ಅದನ್ನು ನಂಬುವುದು ಸಹಜ. ನಂಬುವುದಕ್ಕೆ ಮೊದಲು ಬಲೆಯನ್ನು ಇಮ್ಮಡಿ ಸೂಕ್ಷ್ಮಮಾಡಿ ಉತ್ತರ ಬದಲಾಗುವುದೇ ಎಂದು ನೋಡಬೇಕು. ಒಳಮುಖವಾದ ಚೂಪು ಮೂಲೆಯಿದ್ದರೆ ಉತ್ತರವು ಏರುತ್ತಲೇ ಹೋಗುವುದು. ಅಲ್ಲಿ ಗಣಿತದ ಪೀಡನಕ್ಕೆ ಮಿತಿಯೇ ಇಲ್ಲ, ಮೂಲೆಯನ್ನು ದುಂಡಗೆ ಮಾಡುವುದೇ ಪರಿಹಾರ. ಬಳಿಕ ಒಟ್ಟು ಬಲಗಳು ಸರಿದೂಗುವುವೇ ಎಂದು ಕೈಯಾರೆ ಕೂಡಿಸಿ ನೋಡಬೇಕು. ಅದಕ್ಕೆ ಬೇಕಾದುದು ಪ್ರೌಢಶಾಲೆಯಲ್ಲಿ ಕಲಿತ ಬಲಗಳ ಸಮತೋಲನದ ಪಾಠ ಮಾತ್ರ.