ತಂಗಿಯ ಕಾರ್ಡು, ಮೂರು ತಿಂಗಳ ಲೆಕ್ಕ

2025ರ ಜನವರಿಯ ಒಂದು ರಾತ್ರಿ ಇಶಾ ನಮಾಝ್ ಮುಗಿಸಿ ಹಾಸಿಗೆ ಹಾಸುತ್ತಿದ್ದಾಗ ಅಮೆರಿಕದಿಂದ ತಂಗಿಯ ಫೋನು ಬಂತು. ಅಲ್ಲಿ ಆಗ ಬೆಳಗಿನ ಹೊತ್ತು. ಆ ಹೊತ್ತಿನಲ್ಲಿ ಆಕೆ ಫೋನ್ ಮಾಡುವವಳಲ್ಲ. ಎದೆ ಸ್ವಲ್ಪ ಧಸಕ್ಕೆಂದಿತು.

"ಆಪಾ, ಇವರ ಕೆಲಸ ಹೋಗಿ ಇವತ್ತಿಗೆ ಹನ್ನೆರಡು ದಿನ. ಅಮ್ಮಿಗೆ ಹೇಳಬೇಡಿ. ಎಲ್ಲೆಲ್ಲಿ ಖರ್ಚು ಕಡಿಮೆ ಮಾಡಬಹುದು ಅಂತ ಇಬ್ಬರೂ ಕೂತು ಬರೀತಾ ಇದ್ದೇವೆ. ಆ ದೊಡ್ಡ ಅಂಗಡಿಯ ಕಾರ್ಡು ಏಪ್ರಿಲ್‌ಗೆ ಮುಗಿಯುತ್ತೆ. ಇಟ್ಟುಕೊಂಡರೆ ಉಳಿತಾಯ ಅಂತ ಇವರು. ಅದರಿಂದಲೇ ಖರ್ಚು ಜಾಸ್ತಿ ಅಂತ ನಾನು. ನೀವೇ ಹೇಳಿ."

ಬಾಡಿಗೆ, ಕಾರಿನ ವಿಮೆ, ಮಗುವಿನ ಶಾಲೆ ಇವೆಲ್ಲದರ ನಡುವೆ ಒಂದು ಅಂಗಡಿಯ ಕಾರ್ಡಿನ ಬಗ್ಗೆ ಗಂಡ ಹೆಂಡತಿಗೆ ಜಗಳವೇ ಎಂದು ಓದುಗ ಸಹೋದರಿಯರಿಗೆ ಅನ್ನಿಸಬಹುದು. ನನಗೆ ಅನ್ನಿಸಲಿಲ್ಲ. ಏಕೆಂದರೆ 2023ರ ಬೇಸಿಗೆ ರಜೆಯಲ್ಲಿ ನಾನು ಡಾಲಸ್ ಬಳಿಯ ಅವರ ಮನೆಯಲ್ಲಿ ಐದು ವಾರ ಇದ್ದು, ಆ ಕಾರ್ಡು ಮನೆಯೊಳಗೆ ಏನು ಮಾಡುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೆ.

ಮೊದಲು ಈ ಅಂಗಡಿಗಳ ಬಗೆಯನ್ನು ಹೇಳಬೇಕು. ಅಲ್ಲಿ ಇವನ್ನು ವೇರ್‌ಹೌಸ್ ಕ್ಲಬ್ ಎನ್ನುತ್ತಾರೆ. ನೋಡಲು ಗೋದಾಮೇ. ಸೂರಿನೆತ್ತರದ ಕಬ್ಬಿಣದ ಅಟ್ಟಗಳು, ಒಡೆಯದ ರಟ್ಟಿನ ಪೆಟ್ಟಿಗೆಗಳು, ಸಿಮೆಂಟಿನ ನೆಲ. ವರ್ಷಕ್ಕಿಷ್ಟು ಎಂದು ಹಣ ಕಟ್ಟಿ ಸದಸ್ಯರಾದವರಿಗಷ್ಟೇ ಅಲ್ಲಿ ಖರೀದಿ. ಇದರ ಮೂಲಪುರುಷ ಸಾಲ್ ಪ್ರೈಸ್ ಎಂಬಾತ. 1976ರಲ್ಲಿ ಸ್ಯಾನ್ ಡಿಯಾಗೋ ನಗರದ ಹಳೆಯ ವಿಮಾನ ಶೆಡ್ಡೊಂದರಲ್ಲಿ 'ಪ್ರೈಸ್ ಕ್ಲಬ್' ಆರಂಭಿಸಿದ. ಮೊದಲಿಗೆ ಅದು ಸಣ್ಣ ವ್ಯಾಪಾರಿಗಳಿಗಾಗಿ ಮಾತ್ರ ಇತ್ತು. 1983ರಲ್ಲಿ ಸಿಯಾಟಲ್‌ನಲ್ಲಿ 'ಕಾಸ್ಟ್‌ಕೊ' ಬಂತು, ಅದೇ ವರ್ಷ ವಾಲ್‌ಮಾರ್ಟ್‌ನವರ 'ಸ್ಯಾಮ್ಸ್ ಕ್ಲಬ್' ಕೂಡ. ಪ್ರೈಸ್ ಕ್ಲಬ್ ಮತ್ತು ಕಾಸ್ಟ್‌ಕೊ 1993ರಲ್ಲಿ ಒಂದಾದವು. ನಮ್ಮ ಬೆಂಗಳೂರಿಗೆ 2003ರಲ್ಲಿ ಬಂದ ಮೆಟ್ರೋ ಕ್ಯಾಶ್ ಅಂಡ್ ಕ್ಯಾರಿ ಇದರ ದೂರದ ನೆಂಟ. ಅಲ್ಲಿ ಅಂಗಡಿ, ಹೋಟೆಲು ಇಟ್ಟವರಿಗೆ ಕಾರ್ಡು ಕೊಡುತ್ತಿದ್ದರು. ಅದನ್ನು 2023ರಲ್ಲಿ ರಿಲಯನ್ಸ್‌ನವರು ಕೊಂಡರು.

ಈ ವ್ಯಾಪಾರದ ಗುಟ್ಟು ತಿಳಿದರೆ ನಮ್ಮ ಪ್ರಶ್ನೆ ಅರ್ಧ ಸುಲಭವಾಗುತ್ತದೆ. ಸಾಮಾನ್ಯ ಸೂಪರ್ ಮಾರ್ಕೆಟ್‌ನಲ್ಲಿ ಸುಮಾರು 30,000 ಬಗೆಯ ಸರಕಿದ್ದರೆ ಕಾಸ್ಟ್‌ಕೊದಲ್ಲಿ ಸುಮಾರು 4,000. ಸರಕಿನ ಮೇಲೆ ಶೇಕಡಾ 14-15ಕ್ಕಿಂತ ಹೆಚ್ಚು ಲಾಭ ಇಡುವುದಿಲ್ಲ ಎಂಬುದು ಅವರ ಹಳೆಯ ನಿಯಮ. ಹಾಗಾದರೆ ಲಾಭ ಎಲ್ಲಿಂದ? ಸದಸ್ಯರ ಶುಲ್ಕದಿಂದ. 2024ರ ಹಣಕಾಸು ವರ್ಷದಲ್ಲಿ ಶುಲ್ಕದಿಂದಲೇ ಅವರಿಗೆ ಬಂದದ್ದು ಸುಮಾರು 480 ಕೋಟಿ ಡಾಲರ್. ಆ ವರ್ಷದ ನಿವ್ವಳ ಲಾಭ ಸುಮಾರು 737 ಕೋಟಿ ಡಾಲರ್. ಅಂದರೆ ಅಲ್ಲಿ ಬೆಲೆ ಕಡಿಮೆ ಎಂಬುದು ಸುಳ್ಳಲ್ಲ. ಲಾಭದ ದೊಡ್ಡ ಪಾಲನ್ನು ನಾವು ಬಾಗಿಲಲ್ಲೇ ಮೊದಲೇ ಕೊಟ್ಟು ಒಳಗೆ ಹೋಗಿರುತ್ತೇವೆ, ಅಷ್ಟೇ.

2024ರ ಸೆಪ್ಟೆಂಬರ್ 1ರಿಂದ ಕಾಸ್ಟ್‌ಕೊ ಸಾಧಾರಣ ಕಾರ್ಡಿಗೆ ವರ್ಷಕ್ಕೆ 65 ಡಾಲರ್, ಮೇಲ್ದರ್ಜೆಯ ಕಾರ್ಡಿಗೆ 130 ಡಾಲರ್ ಮಾಡಿತು. ಅದಕ್ಕೂ ಮೊದಲು 60 ಮತ್ತು 120 ಇತ್ತು. ಸ್ಯಾಮ್ಸ್ ಕ್ಲಬ್‌ನ ಸಾಧಾರಣ ಶುಲ್ಕ 2022ರಲ್ಲಿ 45ರಿಂದ 50ಕ್ಕೆ ಏರಿತ್ತು. ಒಂದೇ ಮನೆಯ ಇನ್ನೊಬ್ಬರಿಗೆ ಎರಡನೆಯ ಕಾರ್ಡು ಉಚಿತ. ಮನಸ್ಸಿಗೆ ಒಪ್ಪಿಗೆಯಾಗದಿದ್ದರೆ ಕಟ್ಟಿದ ಶುಲ್ಕವನ್ನು ಪೂರ್ತಿ ಮರಳಿಸುವುದಾಗಿ ಕಾಸ್ಟ್‌ಕೊ ಹೇಳುತ್ತದೆ. ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಅಮೆರಿಕದಲ್ಲಿ ಅವರ ಔಷಧಿ ಅಂಗಡಿಯಿಂದ ವೈದ್ಯರು ಬರೆದ ಮದ್ದು ಕೊಳ್ಳಲು ಕಾರ್ಡೇ ಬೇಕಿಲ್ಲ ಎಂಬುದೂ ಗೊತ್ತಿರುವುದಿಲ್ಲ.

ನನ್ನ ತಂಗಿಯ ಕಾರ್ಡು ಇಂತಹ ಅಂಗಡಿಗಳಲ್ಲಿ ಒಂದರದು. ಯಾವುದೆಂಬುದು ಬೇಡ. ಲೆಕ್ಕದ ಅನುಕೂಲಕ್ಕೆ ಶುಲ್ಕ 65 ಡಾಲರ್ ಎಂದೇ ಇಟ್ಟುಕೊಳ್ಳೋಣ. ಮನೆಯಲ್ಲಿ ಮೂವರು. ತಂಗಿ, ಆಕೆಯ ಗಂಡ, ಮೂರು ದಾಟಿದ ಮಗಳು.

ನಾನು ಹೋಗಿದ್ದಾಗ ಪ್ರತಿ ಭಾನುವಾರ ಲುಹ್ರ್ ಆದ ಮೇಲೆ ಎಲ್ಲರೂ ಹೊರಡುತ್ತಿದ್ದೆವು. ಮಗು ತಳ್ಳುಗಾಡಿಯ ಮುಂದೆ ಕುಳಿತುಕೊಳ್ಳುತ್ತಿತ್ತು. ಹಾಲಿಗೆಂದು ಒಳಗೆ ಹೋದವರು ಹೊರಬರುವಾಗ ಹಾಲಿನ ಜೊತೆ ಒಂದು ಕಂಬಳಿ, ಆರು ಜೊತೆ ಕಾಲುಚೀಲ, ಬಕೆಟ್ಟಿನಷ್ಟು ದೊಡ್ಡ ಡಬ್ಬಿಯಲ್ಲಿ ಬಿಸ್ಕತ್ತು. ಕಾರು ನಿಲ್ಲಿಸಬೇಕಾದ ಗ್ಯಾರೇಜಿನಲ್ಲಿ ಕಾಗದದ ಟವಲ್ಲಿನ ಗೋಪುರ ಇತ್ತು, ಕಾರು ಬಿಸಿಲಿನಲ್ಲಿ ನಿಂತಿತ್ತು. ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಪಾಲಕ್ ಸೊಪ್ಪಿನ ದೊಡ್ಡ ಡಬ್ಬಿ ಅರ್ಧ ಕೊಳೆತು ನೀರಾಗಿತ್ತು. ನಾನು ಅದನ್ನು ಎತ್ತಿ ಕಸಕ್ಕೆ ಹಾಕುವಾಗ ತಂಗಿ, "ಆಪಾ, ಕಟ್ಟಿನ ಲೆಕ್ಕದಲ್ಲಿ ಅದು ಬಹಳ ಅಗ್ಗ" ಎಂದಳು. ಕೊಳೆತದ್ದೂ ಅಗ್ಗವೇ! ಮಾತು ಬಾಯಿಗೆ ಬಂದರೂ ಅತಿಥಿಯಾಗಿ ಬಂದವಳು ಎಂದು ಸುಮ್ಮನಾದೆ. ಇಸ್ರಾಫ್ ಬಗ್ಗೆ ಮಕ್ಕಳಿಗೆ ಪಾಠ ಹೇಳುವುದು ಸುಲಭ, ತಂಗಿಯ ಅಡುಗೆಮನೆಯಲ್ಲಿ ನಿಂತು ಹೇಳುವುದು ಕಷ್ಟ.

ಆದ್ದರಿಂದ ಆ ರಾತ್ರಿ ನಾನು ಹೌದು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. "ಏಪ್ರಿಲ್‌ಗೆ ಇನ್ನೂ ಮೂರು ತಿಂಗಳಿದೆ. ಒಂದು ನೋಟ್‌ಬುಕ್ ಇಡು. ತಂದದ್ದು ಬರಿ, ಎಸೆದದ್ದು ಬರಿ, ಚೀಟಿಯಲ್ಲಿ ಇಲ್ಲದೆ ಗಾಡಿಗೆ ಬಿದ್ದದ್ದನ್ನು ಬೇರೆ ಬರಿ. ಅದೇ ಸಾಮಾನು ಮನೆ ಹತ್ತಿರದ ಅಂಗಡಿಯಲ್ಲಿ ಎಷ್ಟು ಎಂಬುದನ್ನೂ ಪಕ್ಕದಲ್ಲಿ ಬರಿ" ಎಂದೆ. ಆಕೆಯ ಗಂಡ ಹಿಂದಿನಿಂದ, "ಆಪಾ ಹೋಂವರ್ಕ್ ಕೊಟ್ಟರು" ಎಂದು ನಕ್ಕದ್ದು ಕೇಳಿಸಿತು. ಕೆಲಸ ಕಳೆದುಕೊಂಡ ಮನುಷ್ಯ ನಕ್ಕನಲ್ಲ ಎಂದು ನನಗೆ ಸಮಾಧಾನ.

ಬೆಲೆ ಹೋಲಿಸುವಾಗ ಪೊಟ್ಟಣದ ಬೆಲೆ ನೋಡಬಾರದು. ಅಟ್ಟದ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ ಪೌಂಡಿಗೆ ಇಷ್ಟು, ಔನ್ಸಿಗೆ ಇಷ್ಟು ಎಂದು ಹಾಕಿರುತ್ತಾರೆ. ಅದೇ ನಿಜವಾದ ಬೆಲೆ. ಹೀಗೆ ನೋಡುತ್ತಾ ಹೋದಾಗ ತಂಗಿಗೆ ಮೊದಲ ಆಶ್ಚರ್ಯ. ತೊಗರಿಬೇಳೆ, ಮಸೂರ, ಜೀರಿಗೆ, ಕೊತ್ತಂಬರಿ ಬೀಜ ಇವೆಲ್ಲ ಅವರ ಊರಿನ ಭಾರತೀಯ ಅಂಗಡಿಯಲ್ಲೇ ಅಗ್ಗವಿದ್ದವು. ಅದಕ್ಕೆ ಕಾರ್ಡೂ ಬೇಡ, ದೂರವೂ ಹೋಗಬೇಕಿಲ್ಲ. ನಮ್ಮ ಅಡುಗೆಯ ಅರ್ಧ ಸಾಮಾನು ಅಲ್ಲಿಗೇ ಹೋಯಿತು.

ಎರಡನೆಯದು ಕೋಳಿ. ಕಾಸ್ಟ್‌ಕೊದ ಸುಟ್ಟ ಕೋಳಿ ಅಮೆರಿಕದಲ್ಲಿ ಹೆಸರುವಾಸಿ. ಇಡೀ ಕೋಳಿಗೆ 4.99 ಡಾಲರ್, 2009ರಿಂದ ಆ ಬೆಲೆ ಬದಲಾಗಿಲ್ಲ ಎಂದು ಅಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ಅದನ್ನು ಅಂಗಡಿಯ ಹಿಂಬದಿಯಲ್ಲಿ ಇಡುತ್ತಾರೆ, ಅಲ್ಲಿಗೆ ತಲುಪುವಷ್ಟರಲ್ಲಿ ಗಾಡಿ ತುಂಬಲಿ ಎಂದು. ಅಂಗಡಿಯ ಊಟದ ಕಟ್ಟೆಯಲ್ಲಿ ಒಂದೂವರೆ ಡಾಲರಿನ ಹಾಟ್‌ಡಾಗ್ 1985ರಿಂದ ಅದೇ ಬೆಲೆ. "ಕೋಳಿಯೊಂದರಲ್ಲೇ ಶುಲ್ಕ ಹುಟ್ಟುತ್ತದೆ" ಎಂದು ತಂಗಿಯ ನೆರೆಯಾಕೆ ಹೇಳುತ್ತಾರೆ. ಆಕೆಗೆ ಅದು ನಿಜ. ಆದರೆ ಅವು ಹಲಾಲ್ ಪ್ರಮಾಣದವಲ್ಲ. ನಮ್ಮವರ ಕೋಳಿ, ದನದ ಮಾಂಸ ಎಲ್ಲ ಹಲಾಲ್ ಅಂಗಡಿಯಿಂದಲೇ ಬರಬೇಕು. ಆಸ್ಟ್ರೇಲಿಯದಿಂದ ಬರುವ ಕುರಿಮಾಂಸದ ಪೊಟ್ಟಣದ ಮೇಲೆ ಹಲಾಲ್ ಮುದ್ರೆ ಸಿಗುವುದುಂಟು, ಪ್ರತಿ ಸಲ ಓದಿ ನೋಡಬೇಕು. ಅಂತೂ ಅನ್ಯರ ಮನೆಯಲ್ಲಿ ಕಾರ್ಡಿನ ದೊಡ್ಡ ಲಾಭವಾದ ಮಾಂಸ ನಮ್ಮ ಲೆಕ್ಕದಲ್ಲಿ ಹೆಚ್ಚೂಕಡಿಮೆ ಇಲ್ಲ.

ಉಳಿದದ್ದು ಹಾಲು, ಮೊಟ್ಟೆ, ಎಣ್ಣೆ, ಬಾದಾಮಿ, ಸೋಪಿನ ಪುಡಿ, ಹಣ್ಣು. ಹಾಲು ಅಲ್ಲಿ ಎರಡು ಗ್ಯಾಲನ್ ಜೋಡಿಯಾಗಿ ಬರುತ್ತದೆ, ಅಂದರೆ ಏಳೂವರೆ ಲೀಟರ್. ಮೂವರಿಗೆ ವಾರಕ್ಕೆ ಒಂದು ಗ್ಯಾಲನ್ ಸಾಕು. ಎರಡನೆಯದನ್ನು ತಂಗಿ ಮೊಸರು ಹಾಕಿದಳು, ಪನೀರ್ ಮಾಡಿದಳು, ಖೀರು ಮಾಡಿದಳು. ಖೀರಿನ ಸಕ್ಕರೆ, ತುಪ್ಪ, ಗೋಡಂಬಿಯ ಖರ್ಚನ್ನು ನೋಟ್‌ಬುಕ್ಕಿನ ಯಾವ ಸಾಲಿನಲ್ಲಿ ಬರೆಯಲಿ ಎಂದು ಕೇಳಿದಳು, ನನಗೂ ತಿಳಿಯಲಿಲ್ಲ. ಸೋಪಿನ ಪುಡಿ, ಕಾಗದದ ಸಾಮಾನು ವರ್ಷವಿದ್ದರೂ ಕೆಡುವುದಿಲ್ಲ, ಅದರಲ್ಲಿ ಪೂರ್ತಿ ಲಾಭ. ಬಾದಾಮಿ, ಅಕ್ರೋಟಿನಲ್ಲಿ ಎಣ್ಣೆಯಂಶವಿರುವುದರಿಂದ ಹೊರಗಿಟ್ಟರೆ ಕಮಟು ವಾಸನೆ ಬರುತ್ತದೆ, ಫ್ರೀಜರಿನಲ್ಲಿಟ್ಟರೆ ತಿಂಗಳುಗಟ್ಟಲೆ ಚೆನ್ನಾಗಿರುತ್ತವೆ. ಬ್ರೆಡ್ಡೂ ಹಾಗೆಯೇ. ಅರಿಶಿನ, ಮೆಣಸಿನ ಪುಡಿಯ ದೊಡ್ಡ ಡಬ್ಬಿ ಮಾತ್ರ ಮೂವರ ಮನೆಗೆ ತರಲೇಬಾರದು, ಮುಗಿಯುವ ಮೊದಲೇ ಬಣ್ಣವೂ ಘಮವೂ ಹೋಗಿರುತ್ತದೆ. ನಮ್ಮ ಅಮ್ಮಿ ದಾವಣಗೆರೆಯ ಮಂಡಿಪೇಟೆಯಿಂದ ಅಕ್ಕಿಯನ್ನು ಚೀಲಗಟ್ಟಲೆ ತರಿಸುತ್ತಿದ್ದರು, ಅಕ್ಕಿ ಹಳೆಯದಾದಷ್ಟೂ ಅನ್ನ ಉದುರುದುರಾಗುತ್ತದೆ ಎಂದು. ಟೊಮೆಟೊ ಮಾತ್ರ ಅರ್ಧ ಕಿಲೋ. ಈ ಬುದ್ಧಿ ನಮ್ಮ ಹಿರಿಯ ಹೆಂಗಸರಿಗೆ ಯಾವ ಕಾರ್ಡೂ ಇಲ್ಲದೆ ಇತ್ತು.

ಏಪ್ರಿಲ್ ಮೊದಲ ವಾರ ತಂಗಿ ನೋಟ್‌ಬುಕ್ಕಿನ ಚಿತ್ರ ಕಳಿಸಿದಳು. ಮೂರು ತಿಂಗಳಲ್ಲಿ ಅಲ್ಲಿ ಕೊಟ್ಟದ್ದು 540 ಡಾಲರ್. ಅದೇ ಸಾಮಾನಿಗೆ ಹತ್ತಿರದ ಅಂಗಡಿಯಲ್ಲಿ 612 ಆಗುತ್ತಿತ್ತು. ಉಳಿತಾಯ 72. ಎಸೆದದ್ದು 31 ಡಾಲರಿನದು. ಉಳಿಯಿತು 41. ವರ್ಷಕ್ಕೆ ಹಿಡಿದರೆ 164, ಶುಲ್ಕ ಕಳೆದರೆ 99 ಡಾಲರ್ ಲಾಭ. "ನೋಡಿದೆಯಾ?" ಎಂದರಂತೆ ಆಕೆಯ ಗಂಡ. ಆದರೆ ಮೂರನೆಯ ಪಟ್ಟಿ ಇತ್ತಲ್ಲ, ಚೀಟಿಯಲ್ಲಿ ಇಲ್ಲದೆ ಗಾಡಿಗೆ ಬಿದ್ದದ್ದು. ಆ 540ರಲ್ಲಿ ಅದೇ 96 ಡಾಲರ್. ವರ್ಷದ ಲಾಭವನ್ನು ಮೂರೇ ತಿಂಗಳ ಕೈಚಳಕ ಹೆಚ್ಚೂಕಡಿಮೆ ಪೂರ್ತಿ ನುಂಗಿತ್ತು. ಕೆಲಸವಿಲ್ಲದ, ಎಚ್ಚರದಿಂದ ಇದ್ದ ತಿಂಗಳುಗಳಲ್ಲೇ ಇಷ್ಟು. "ಅದು ವ್ಯರ್ಥವಲ್ಲ, ಮನೆಯಲ್ಲಿ ಬಳಸುವುದೇ" ಎಂದು ಆತ ವಾದಿಸಿದ್ದಾನೆ. ಸಂಪೂರ್ಣ ತಪ್ಪೆಂದು ನಾನೂ ಹೇಳಲಾರೆ, ಮಗುವಿನ ಕಾಲುಚೀಲ ಬೇಕಾದದ್ದೇ. ಆದರೆ ಆರು ಜೊತೆ?

ಮೇಲ್ದರ್ಜೆಯ ಕಾರ್ಡಿನ ವಿಚಾರ ಒಂದೇ ಸಾಲಿನಲ್ಲಿ ಮುಗಿಯಿತು. ಕಾಸ್ಟ್‌ಕೊದಲ್ಲಿ ಅದಕ್ಕೆ ಖರೀದಿಯ ಮೇಲೆ ಶೇಕಡಾ 2 ವಾಪಸು ಕೊಡುತ್ತಾರೆ. ಹೆಚ್ಚಿಗೆ ಕಟ್ಟಿದ 65 ಡಾಲರ್ ಹುಟ್ಟಬೇಕಾದರೆ ವರ್ಷಕ್ಕೆ 3,250 ಡಾಲರಿನ ಖರೀದಿ ಬೇಕು, ತಿಂಗಳಿಗೆ 270. ಇವರದು ತಿಂಗಳಿಗೆ 180. ಆರೇಳು ಜನರ ಮನೆಗೆ ಸರಿ, ಮೂವರಿಗೆ ಅಲ್ಲ.

ಹಾಗಾದರೆ ಇಷ್ಟು ವರ್ಷ ಆತ ಲಾಭ ಎಂದು ಹೇಳುತ್ತಿದ್ದುದು ಬರೀ ಹಠವೇ? ಅಲ್ಲ. ಇಲ್ಲಿ ನನಗೇ ಪಾಠವಾಯಿತು. ಆತ ದಿನವೂ ಕಾರಿನಲ್ಲಿ ಆಫೀಸಿಗೆ ಹೋಗುತ್ತಿದ್ದ, ಆ ಅಂಗಡಿಯ ಪೆಟ್ರೋಲ್ ಪಂಪು ದಾರಿಯಲ್ಲೇ ಇತ್ತು. ವಾರಕ್ಕೆ ಹತ್ತು ಗ್ಯಾಲನ್, ಗ್ಯಾಲನ್ನಿಗೆ ಸುಮಾರು 25 ಸೆಂಟ್ ಕಡಿಮೆ. ವರ್ಷಕ್ಕೆ 125 ಡಾಲರ್ ಮೇಲೆ. ಅದರ ಜೊತೆ ಮಗುವಿನ ಡಯಾಪರ್, ಒರೆಸುವ ಕಾಗದ. ಅಂದರೆ ಆಗ ಅಂಗಡಿಯೊಳಗೆ ಕಾಲಿಡದಿದ್ದರೂ ಪೆಟ್ರೋಲೊಂದೇ ಎರಡು ಶುಲ್ಕ ದುಡಿಯುತ್ತಿತ್ತು. ಈಗ ಆಫೀಸಿಲ್ಲ. ಮಗು ಡಯಾಪರ್ ಬಿಟ್ಟಾಗಿದೆ. ಪೆಟ್ರೋಲಿಗೆಂದೇ ಒಂಬತ್ತು ಮೈಲಿ ಹೋಗಿ ಬಂದರೆ ಹದಿನೆಂಟು ಮೈಲಿಗೆ ಎರಡು ಡಾಲರ್ ಎಣ್ಣೆ ಸುಟ್ಟು, ಎರಡೂವರೆ ಡಾಲರ್ ಉಳಿಸಿದಂತೆ. ಕಾರ್ಡು ಅದೇ, ಅಂಗಡಿ ಅದೇ, ಮನೆ ಬದಲಾಗಿತ್ತು. ಎರಡು ವರ್ಷದ ಹಿಂದೆ ಸರಿಯಿದ್ದ ಲೆಕ್ಕವನ್ನೇ ಆತ ಇನ್ನೂ ಹೇಳುತ್ತಿದ್ದ.

ಪಕ್ಕದ ಮನೆಯಾಕೆ ಒಂದು ಉಪಾಯ ಹೇಳಿದರಂತೆ, "ನನ್ನ ಕಾರ್ಡನ್ನೇ ಒಯ್ಯಿರಿ." ಅದು ಸಲ್ಲದು ಎಂದೆ. ಕಾರ್ಡು ಬೇರೆಯವರಿಗೆ ಕೊಡುವಂತಿಲ್ಲ ಎಂಬ ಷರತ್ತಿಗೆ ಒಪ್ಪಿಯೇ ಅವರು ಸದಸ್ಯರಾದದ್ದು, ಕೊಟ್ಟ ಮಾತು ಅಮಾನತ್ತು. 2024ರಿಂದ ಕಾಸ್ಟ್‌ಕೊ ಬಾಗಿಲಲ್ಲೇ ಕಾರ್ಡು ತಾಳೆ ನೋಡುವ ಯಂತ್ರ ಇಡತೊಡಗಿದೆ, ಆ ಭಯದಿಂದಲ್ಲ. ಆದರೆ ನೆರೆಯಾಕೆ ತಮಗಾಗಿ ತಂದ ಜೋಡಿ ಹಾಲಿನಲ್ಲಿ, ಮೊಟ್ಟೆಯಲ್ಲಿ ಅರ್ಧ ಹಣ ಕೊಟ್ಟು ಹಂಚಿಕೊಂಡರೆ ಅಡ್ಡಿಯೇನು? ಆಕೆಯೂ ಇಬ್ಬರೇ, ಆಕೆಯ ಮನೆಯಲ್ಲೂ ಹಾಲು ಮಿಕ್ಕುತ್ತಿತ್ತು.

ಇಷ್ಟೆಲ್ಲ ಆದ ಮೇಲೂ ತಂಗಿ ಎರಡು ದಿನ ಸುಮ್ಮನಿದ್ದಳು. ಮೂರನೆಯ ದಿನ ಫೋನಿನಲ್ಲಿ ಹೇಳಿದಳು: "ಆಪಾ, ಲೆಕ್ಕ ಸರಿ. ಆದರೆ ಭಾನುವಾರ ನಾವು ಮೂವರೂ ಒಟ್ಟಿಗೆ ಹೊರಗೆ ಹೋಗುತ್ತಿದ್ದದ್ದು ಅಲ್ಲಿಗೆ ಮಾತ್ರ. ನನಗೆ ಕಾರು ಬಿಡಲು ಬರುವುದಿಲ್ಲ. ಅದೂ ನಿಂತರೆ ನಾನು ಎಲ್ಲಿಗೆ ಹೋಗಲಿ?" ಕಾರ್ಡು ಬೇಡ ಎಂದು ಮೊದಲು ಹೇಳಿದವಳೇ ಈಕೆ. ಕಂಬಳಿ, ಬಿಸ್ಕತ್ತಿನ ಡಬ್ಬಿ ಏಕೆ ಗಾಡಿಗೆ ಬೀಳುತ್ತಿದ್ದವು ಎಂಬುದು ನನಗೆ ಆಗ ಹೊಳೆಯಿತು. ಅದನ್ನು ಬರೆಯಲು ನಾನು ಹೇಳಿದ ನೋಟ್‌ಬುಕ್ಕಿನಲ್ಲಿ ಜಾಗವಿರಲಿಲ್ಲ.

ಕಾರ್ಡನ್ನು ಅವರು ಮುಂದುವರಿಸಲಿಲ್ಲ. ಜೂನ್‌ನಲ್ಲಿ ಆತನಿಗೆ ಬೇರೆ ಕೆಲಸ ಸಿಕ್ಕಿತು, ಸಂಬಳ ಮೊದಲಿಗಿಂತ ಕಡಿಮೆ, ಆಫೀಸು ಹತ್ತಿರ. ನಡುವೆ ಮನೆಯಲ್ಲಿದ್ದ ದಿನಗಳಲ್ಲಿ ಖಾಲಿ ಗ್ಯಾರೇಜಿನ ಮುಂದೆ, ಆಮೇಲೆ ಬೀದಿಯಲ್ಲಿ, ತಂಗಿಗೆ ಕಾರು ಕಲಿಸಿದ. ಮೊದಲ ಸಲದ ಪರೀಕ್ಷೆಯಲ್ಲಿ ನಪಾಸಾದಳು. ಎರಡನೆಯ ಸಲ ಪಾಸಾದ ದಿನ ಫೋನ್ ಮಾಡಿ, ಹಾಲು ಶುಕ್ರವಾರವೇ ಮುಗಿದಿದೆ, ಒಂದೇ ಗ್ಯಾಲನ್ ತರಲು ಮಗಳನ್ನು ಕೂರಿಸಿಕೊಂಡು ತಾನೇ ಹೊರಟಿದ್ದೇನೆ ಎಂದಳು.